‘ದುರ್ಗದಿಂದ ಬಂದವರು’: ವಲಸೆ ಹೋದ ಮನೆತನಗಳ ಮೂಲಶೋಧನೆಯ ಕ್ರಮ

ನಮ್ಮ ನಾಡಿನ ಅನೇಕ ಮನೆತನಗಳಲ್ಲಿ ‘ನಮ್ಮ ಹಿರಿಯರು ದುರ್ಗದ ಕಡೆಯಿಂದ ಬಂದವರು’ ಎಂಬ ಮಾತು ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿದೆ. ಯಾವಾಗ ಬಂದರೆಂದು ಕೇಳಿದರೆ, ಹೈದರನು ಕೋಟೆಯನ್ನು ಹಿಡಿದಾಗ ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ. ಈ ಉತ್ತರವನ್ನು ವಿಚಾರಿಸದೆ ಒಪ್ಪುವುದೂ, ಕಟ್ಟುಕತೆಯೆಂದು ತಳ್ಳಿಬಿಡುವುದೂ ಇತಿಹಾಸದ ವಿದ್ಯಾರ್ಥಿಗೆ ತರವಲ್ಲ. ಇಂತಹ ಮಾತನ್ನು ಪರೀಕ್ಷಿಸುವ ಬಗೆಯನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪರಿಸರವನ್ನು ಆಧರಿಸಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದು ಹೋಲಿಕೆಯನ್ನು ಗಮನಿಸಬಹುದು. ೧೮೨೫ರ ಜುಲೈ ೪ರಂದು ನಾರ್ವೆಯ ಸ್ಟಾವಾಂಗರ್ ಬಂದರಿನಿಂದ ‘ರೆಸ್ಟೌರೇಶನ್’ ಎಂಬ ಸಣ್ಣ ಹಡಗು ೫೨ ಜನರನ್ನು ಹೊತ್ತು ಅಮೆರಿಕಕ್ಕೆ ಹೊರಟಿತು. ಮುಂದಿನ ನೂರು ವರ್ಷಗಳಲ್ಲಿ ಸುಮಾರು ೮ ಲಕ್ಷ ಜನ ಆ ದೇಶವನ್ನು ಬಿಟ್ಟರು. ಅವರ ವಂಶಜರು ಇಂದು ಮೂಲವನ್ನು ಅರಸಹೊರಟರೆ ಅವರಿಗೆ ಎರಡು ಆಸರೆಗಳಿವೆ. ಒಂದು, ಜನನ, ವಿವಾಹ, ಮರಣಗಳನ್ನು ಬರೆದಿಟ್ಟ ಚರ್ಚಿನ ದಫ್ತರಗಳು. ಇನ್ನೊಂದು, ವಲಸೆಗಾರನ ಹೆಸರಿಗೆ ಅಂಟಿಕೊಂಡ ಹೊಲಮನೆಯ ಹೆಸರು. ಆದರೆ ನಾರ್ವೆಯಲ್ಲಿ ಈ ಹೆಸರು ಅಂದಿನ ವಾಸಸ್ಥಳವನ್ನು ಸೂಚಿಸುತ್ತಿತ್ತು. ರೈತನು ಬೇರೆ ಹೊಲಮನೆಗೆ ಹೋದರೆ ಹೆಸರೂ ಬದಲಾಗುತ್ತಿತ್ತು. ೧೯೨೩ರ ಕಾಯಿದೆಯ ಅನಂತರವೇ ಸ್ಥಿರವಾದ ಮನೆತನದ ಹೆಸರು ಅಲ್ಲಿ ಕಡ್ಡಾಯವಾಯಿತು.

ನಮ್ಮಲ್ಲಿ ಅಂತಹ ದಫ್ತರಗಳಿಲ್ಲ. ಆದರೆ ಹೆಸರಿನ ಮುಂದೆ ಊರಿದೆ. ಅದು ನಾರ್ವೆಯ ಹೆಸರಿಗೆ ವಿರುದ್ಧವಾದ ಗುಣವುಳ್ಳದ್ದು: ಮನುಷ್ಯನು ಊರು ಬಿಟ್ಟರೂ ಊರು ಅವನನ್ನು ಬಿಡುವುದಿಲ್ಲ. ಎಸ್. ನಿಜಲಿಂಗಪ್ಪನವರ ಹೆಸರಿನ ಮೊದಲಕ್ಷರ ಚಿತ್ರದುರ್ಗದ ಬಳಿಯ ಸಿದ್ಧವ್ವನಹಳ್ಳಿಯದು. ಅವರು ೧೯೦೨ರಲ್ಲಿ ಹುಟ್ಟಿದುದಾದರೋ ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. ಕಾದಂಬರಿಕಾರ ತ.ರಾ. ಸುಬ್ಬರಾಯರ ‘ತ’ ಎಂಬುದು ಚಳ್ಳಕೆರೆ ತಾಲ್ಲೂಕಿನ ತಳುಕು. ಅವರು ಹುಟ್ಟಿದ್ದು ೧೯೨೦ರಲ್ಲಿ ಮಲೆಬೆನ್ನೂರಿನಲ್ಲಿ. ಆದುದರಿಂದ ಹೆಸರಿನ ಊರು ಜನ್ಮಸ್ಥಳಕ್ಕೆ ಸಾಕ್ಷಿಯಲ್ಲ, ಪೂರ್ವಿಕರ ನೆಲೆಗೆ ಸಾಕ್ಷಿ ಎಂಬುದನ್ನು ಶೋಧಕನು ಮೊದಲಲ್ಲಿಯೇ ಮನಗಾಣಬೇಕು.

ಇನ್ನು ‘ದುರ್ಗ’ ಎಂಬ ಶಬ್ದದ ವಿಚಾರ. ಹೇಳುವವರ ಬಾಯಲ್ಲಿ ಅದಕ್ಕೆ ಮೂರು ಅರ್ಥಗಳುಂಟು. ಅದು ಕೋಟೆಯಿರುವ ಪಟ್ಟಣವಾಗಿರಬಹುದು. ನಾಯಕರು ಆಳಿದ ಸಂಸ್ಥಾನವಾಗಿರಬಹುದು. ಇಲ್ಲವೆ ಆಡಳಿತದ ಜಿಲ್ಲೆಯಾಗಿರಬಹುದು. ಜಿಲ್ಲೆಯ ಮೇರೆಗಳೂ ಸ್ಥಿರವಲ್ಲ. ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ೧೯೯೭ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಅಜ್ಜನು ಹೇಳಿದ ದುರ್ಗವನ್ನು ಮೊಮ್ಮಗನು ಇಂದಿನ ಭೂಪಟದಲ್ಲಿ ಹುಡುಕಿದರೆ ದಾರಿ ತಪ್ಪುವುದು ಸಹಜ.

ಸ್ಥಳದಂತೆಯೇ ಕಾಲವೂ ಒಂದಲ್ಲ. ೧೭೭೯ರಲ್ಲಿ ಹೈದರಾಲಿಯು ಕೊನೆಯ ಮದಕರಿನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕಳುಹಿಸಿದನು. ಬೇಡರ ಬಲವನ್ನು ಮುರಿಯುವುದಕ್ಕಾಗಿ ಅವರಲ್ಲಿ ೨೦,೦೦೦ ಮಂದಿಯನ್ನು ಆ ದ್ವೀಪಕ್ಕೆ ಸಾಗಿಸಿದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಇದು ಬಲಾತ್ಕಾರದ ವಲಸೆ. ಆದರೆ ಅದೊಂದೇ ವಲಸೆಯಲ್ಲ. ೧೮೭೬-೭೮ರ ಮಹಾಕ್ಷಾಮದಲ್ಲಿ ಬಯಲುಸೀಮೆಯ ಜನ ಅನ್ನವನ್ನರಸಿ ಊರು ಬಿಟ್ಟರು. ೧೮೭೧ರಲ್ಲಿ ೫೦ ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ೧೯೦೭ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಹಿನ್ನೀರು ಹಿರಿಯೂರು, ಹೊಸದುರ್ಗ ತಾಲ್ಲೂಕುಗಳ ನೆಲವನ್ನು ಆವರಿಸಿತು. ಅಲ್ಲಿದ್ದವರು ಬೇರೆ ನೆಲೆಗಳನ್ನು ಹುಡುಕಿಕೊಂಡರು. ಕೋಟೆಯ ಪತನವು ಜನಮನದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಹಸಿವಿನಿಂದ ಹೋದವರೂ ನೀರಿನಿಂದ ಹೋದವರೂ ಕಾಲಕ್ರಮದಲ್ಲಿ ತಮ್ಮ ವಲಸೆಯನ್ನು ಆ ಪತನಕ್ಕೇ ಜೋಡಿಸಿಕೊಳ್ಳುವುದು ಸಾಧ್ಯ. ಸೋತ ವೀರರ ಸಂತತಿ ಎನಿಸಿಕೊಳ್ಳುವುದರಲ್ಲಿ ಗೌರವವಿದೆ; ಬರಗಾಲದಲ್ಲಿ ಊರು ಬಿಟ್ಟವರ ಸಂತತಿ ಎನ್ನುವುದಕ್ಕೆ ನಾಲಗೆ ಹಿಂಜರಿಯುತ್ತದೆ.

ಹಾಗಾದರೆ ಆಧಾರಗಳಾವುವು? ಮೊದಲನೆಯದು ಹೆಳವರ ಹೊತ್ತಗೆ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಒಕ್ಕಲುಮನೆಗಳಿಗೆ ಬಂದು, ಆ ಮನೆಯ ಹಿರಿಯರ ಹೆಸರುಗಳನ್ನೂ ಮೂಲಸ್ಥಳವನ್ನೂ ಹೇಳಿ ದವಸಧಾನ್ಯ ಪಡೆಯುವುದು ಹೆಳವರ ಕುಲವೃತ್ತಿ. ಚದುರಿಹೋದ ಕವಲುಗಳನ್ನು ಒಂದೆಡೆ ಕಾಣಲು ಇದಕ್ಕಿಂತ ಉತ್ತಮವಾದ ದೇಶೀಯ ಸಾಧನ ದುರ್ಲಭ. ಆದರೂ ಅದು ದಾನಕೊಡುವ ಮನೆತನಕ್ಕಾಗಿ ಹೇಳುವ ವಂಶಾವಳಿ. ಅದರಲ್ಲಿ ಗಂಡುಸಂತತಿಯೇ ಪ್ರಧಾನ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳೂ ವಲಸೆಗಾರರೇ ಎಂಬುದನ್ನು ಅದು ಮರೆಯುತ್ತದೆ. ಆ ಕೊರತೆಯನ್ನು ತವರಿನ ನೆನಪುಳ್ಳ ಮುದುಕಿಯರಿಂದಲೇ ತುಂಬಿಕೊಳ್ಳಬೇಕು.

ಎರಡನೆಯದು ಮನೆದೇವರು ಮತ್ತು ಬೆಡಗು. ಊರು ಬಿಟ್ಟವರು ಹೊಲವನ್ನು ಮರೆತರೂ ಮನೆದೇವರನ್ನು ಸುಲಭವಾಗಿ ಮರೆಯುವುದಿಲ್ಲ. ದೂರದಲ್ಲಿ ನೆಲಸಿದ ಕುಟುಂಬವು ಹಿರಿಯೂರಿನ ತೇರುಮಲ್ಲೇಶ್ವರನಿಗೆ ಈಗಲೂ ನಡೆದುಕೊಳ್ಳುತ್ತಿದ್ದರೆ ಅದು ಗಮನಾರ್ಹ ಸೂಚನೆ. ಮ್ಯಾಸಬೇಡರ ಗಾದರಿಪಾಲನಾಯಕನ ಕಥನ, ಕಾಡುಗೊಲ್ಲರ ಜುಂಜಪ್ಪನ ಕಥನ ಮೊದಲಾದ ಮೌಖಿಕ ಕಾವ್ಯಗಳಲ್ಲಿ ಊರು, ಹಳ್ಳ, ಹಟ್ಟಿಗಳ ಹೆಸರುಗಳು ಉಳಿದುಬಂದಿವೆ. ಅವುಗಳಿಂದ ಸ್ಥಳ ತಿಳಿಯಬಹುದು, ಇಸವಿ ತಿಳಿಯದು.

ಮೂರನೆಯದು ಲಿಖಿತ ದಾಖಲೆ. ಎಪಿಗ್ರಾಫಿಯ ಕರ್ನಾಟಿಕದ ೧೧ನೆಯ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ಹಳೆಯ ಗ್ರಾಮನಾಮಗಳನ್ನು ಗುರುತಿಸಲು ಅದು ಅನಿವಾರ್ಯ. ಜನಗಣತಿಯ ವರದಿಗಳಲ್ಲಿ ಸಂಖ್ಯೆಗಳುಂಟು, ಮನೆಮನೆಯ ಹೆಸರುಗಳಿಲ್ಲ. ಭೂದಾಖಲೆ, ಇನಾಮು ಪತ್ರಗಳಲ್ಲಿ ಹೆಸರುಗಳುಂಟು; ಆದರೆ ಭೂಮಿಯಿಲ್ಲದವನು ಅಲ್ಲಿ ಕಾಣಿಸಿಕೊಳ್ಳುವುದು ವಿರಳ. ವಿಪರ್ಯಾಸವೆಂದರೆ, ಕಡಲು ದಾಟಿದ ಕೂಲಿಯವನ ವಿವರವೇ ಇದಕ್ಕಿಂತ ಚೆನ್ನಾಗಿ ಉಳಿದಿದೆ. ೧೮೬೦ರಿಂದ ೧೯೧೧ರವರೆಗೆ ಕರಾರಿನ ಮೇಲೆ ನಟಾಲಿಗೆ ಹೋದ ೧,೫೨,೧೮೪ ಭಾರತೀಯರ ಹಡಗುಪಟ್ಟಿಗಳಲ್ಲಿ ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಗ್ರಾಮಗಳನ್ನು ಬರೆಯುವ ಪದ್ಧತಿಯಿತ್ತು. ಅಂತಹ ಪಟ್ಟಿಗಳನ್ನು ನೋಡುವವರು ಆಂಗ್ಲರು ಚಿತ್ರದುರ್ಗವನ್ನು ‘ಚಿತಲ್‌ಡ್ರೂಗ್’ ಎಂದು ಬರೆಯುತ್ತಿದ್ದುದನ್ನು ನೆನಪಿನಲ್ಲಿಡಬೇಕು.

ಈ ಮೂರನ್ನೂ ಒಂದಕ್ಕೊಂದು ಒರೆಹಚ್ಚುವುದೇ ಕ್ರಮ. ಒಂದು ಕುಟುಂಬವು ಹೊಳಲ್ಕೆರೆಯಿಂದ ೧೭೭೯ರಲ್ಲಿ ಹೊರಟೆವೆಂದು ಹೇಳುತ್ತದೆಯೆಂದು ಭಾವಿಸೋಣ. ಹೆಳವನ ವಂಶಾವಳಿಯಲ್ಲಿ, ಊರು ಬಿಟ್ಟ ಪೂರ್ವಿಕನು ಇಂದಿನ ಎಪ್ಪತ್ತರ ವೃದ್ಧನಿಗೆ ಮುತ್ತಜ್ಜನಾಗಿದ್ದರೆ, ತಲೆಮಾರಿಗೆ ೨೫ರಿಂದ ೩೦ ವರ್ಷಗಳಂತೆ ಎಣಿಸಿದಾಗ ಅವನ ಜನನವು ೧೮೬೫-೮೦ರ ಸುಮಾರಿಗೆ ಬೀಳುತ್ತದೆ. ಆಗ ಕೋಟೆಯ ಪತನವನ್ನು ಬಿಟ್ಟು ಮಹಾಕ್ಷಾಮವನ್ನಾಗಲಿ ಅದರ ಮುಂದಿನ ಕಾಲವನ್ನಾಗಲಿ ವಿಚಾರಿಸಬೇಕು. ಊರಿನ ಮಾತು ನಿಜ, ಇಸವಿ ಮಾತ್ರ ಎರವಲು ಎಂಬ ನಿರ್ಣಯಕ್ಕೆ ಬರುವುದರಿಂದ ಆ ಮನೆತನದ ಮಾನ ಕುಂದುವುದಿಲ್ಲ. ದುರ್ಗವನ್ನಾಳಿದ ಕಾಮಗೇತಿ ವಂಶದವರೇ ತಿರುಪತಿಯ ಕಡೆಯಿಂದ ಬಂದವರೆಂಬ ಪ್ರತೀತಿಯುಂಟಷ್ಟೆ.

ಶಾಸನದ ಕಲ್ಲು ಇನ್ನೂ ಕೆಲವು ಕಾಲ ಕಾಯಬಲ್ಲದು. ವೃದ್ಧರ ನೆನಪು ಕಾಯಲಾರದು. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಮನೆಯ ಹಿರಿಯರನ್ನು ಮೂರು ಪ್ರಶ್ನೆಗಳನ್ನಾದರೂ ಕೇಳಿ ಬರೆದುಕೊಳ್ಳಲಿ: ಯಾವ ದುರ್ಗ? ಎಷ್ಟನೆಯ ತಲೆಮಾರು? ಅಜ್ಜಿಯ ತವರು ಯಾವುದು? ಜಿಲ್ಲೆಯ ಜನರ ಇತಿಹಾಸವನ್ನು ಬರೆಯುವವರಿಗೆ ಮುಂದೆ ಆ ಹಾಳೆಗಳೇ ದಫ್ತರವಾದಾವು.