ಆಪತ್ತಿನ ಹೊತ್ತಿನ ‘ನಾವು’

ಪ್ರಕೃತಿ ವಿಕೋಪದ ತರುವಾಯ ನೊಂದ ಜನರೆದುರು ನಿಂತ ನಾಯಕನು ಆಡುವ ಮಾತು ಬಹುಮಟ್ಟಿಗೆ ಒಂದು ಸರ್ವನಾಮವನ್ನು ಅವಲಂಬಿಸಿರುತ್ತದೆ. ಪುಣೆಯಲ್ಲಿದ್ದುಕೊಂಡು ಕನ್ನಡವನ್ನು ಕುರಿತು ಚಿಂತಿಸುವವರಿಗೆ ಇದು ಬೇಗ ಹೊಳೆಯುತ್ತದೆ. ಮರಾಠಿಯ ‘ಆಮ್ಹೀ’ ಕೇಳುಗನನ್ನು ಹೊರಗಿಟ್ಟ ನಾವು. ‘ಆಪಣ’ ಕೇಳುಗನನ್ನೂ ಒಳಗೊಂಡ ನಾವು. ತೆಲುಗಿನ ‘ಮೇಮು’, ‘ಮನಮು’ಗಳಲ್ಲಿಯೂ ತುಳುವಿನ ‘ಎಂಕುಳು’, ‘ನಮ’ಗಳಲ್ಲಿಯೂ ಈ ಭೇದವುಂಟು. ಇಂದಿನ ಕನ್ನಡದ ‘ನಾವು’ ಎರಡೂ ಅರ್ಥಗಳನ್ನು ಹೊರುತ್ತದೆ. ಆದರೆ ಸರ್ವನಾಮ ಬಿಟ್ಟುಕೊಟ್ಟುದನ್ನು ನಮ್ಮ ಕ್ರಿಯಾಪದ ಉಳಿಸಿಕೊಂಡಿದೆ. ‘ಮನೆ ಕಟ್ಟುತ್ತೇವೆ’ ಎಂಬುದು ಸರಕಾರದ ವಾಗ್ದಾನವಾಗಬಹುದು. ‘ಕಟ್ಟೋಣ’ ಎಂದೊಡನೆ ಕೇಳುಗನೂ ಕೈಗೂಡಿಸಬೇಕಾಗುತ್ತದೆ. ದುಃಖವನ್ನು ಹಂಚಿಕೊಳ್ಳುವಾಗ ‘ಆಪಣ’ ಬೇಕು, ಹೊಣೆಯನ್ನು ಒಪ್ಪಿಕೊಳ್ಳುವಾಗ ‘ಆಮ್ಹೀ’ಯೇ ಬೇಕು. ಇವೆರಡನ್ನು ಅದಲುಬದಲು ಮಾಡಿದ ಭಾಷಣ ಎಷ್ಟೇ ಮಧುರವಾಗಿದ್ದರೂ ಮೋಸದ್ದು.

1961ರ ಜುಲೈ 12ರಂದು ಪಾನಶೇತದಲ್ಲಿ ಇನ್ನೂ ಪೂರ್ತಿಯಾಗದಿದ್ದ ಅಣೆಕಟ್ಟು ಒಡೆಯಿತು. ಕೆಳಗಿನ ಖಡಕವಾಸಲೆಯ ಹಳೆಯ ಅಣೆಯೂ ನಿಲ್ಲಲಿಲ್ಲ. ಮುಠೆಯ ನೀರು ಪುಣೆಯ ಪೇಠೆಗಳಿಗೆ ನುಗ್ಗಿತು, ಲಕಡೀ ಪೂಲ್ ಮುಳುಗಿತು. ಮಹಾರಾಷ್ಟ್ರ ರಾಜ್ಯ ಹುಟ್ಟಿ ಆಗ ಒಂದು ವರ್ಷ ಎರಡು ತಿಂಗಳು; ಯಶವಂತರಾವ್ ಚವ್ಹಾಣರು ಮುಖ್ಯಮಂತ್ರಿ. ಮಳೆ ನಿಸರ್ಗದ್ದು, ನಿಜ. ಮುಗಿಯದ ಕಟ್ಟೆಯ ಹಿಂದೆ ಅದನ್ನು ನಿಲ್ಲಗೊಟ್ಟವರು ಮನುಷ್ಯರು. ಇಂಥಲ್ಲಿ ‘ನಾವೆಲ್ಲರೂ ಒಂದೇ’ ಎಂಬ ಸಾಂತ್ವನವಷ್ಟೇ ಸಾಲದು. ಮನೆ ಕಳೆದುಕೊಂಡವನು ಮೊದಲು ಕೇಳುವುದು, ಯಾರು ಹೊಣೆ ಎಂದು. ಸರಕಾರ ವಿಚಾರಣಾ ಆಯೋಗವನ್ನು ನೇಮಿಸಬೇಕಾಗಿ ಬಂದುದು ಈ ಪ್ರಶ್ನೆಯಿಂದಲೇ.

ಎಲ್ಲರನ್ನೂ ಒಳಗೊಂಡ ‘ನಾವು’ ಕೂಡ ಎಡವಬಹುದೆಂಬುದಕ್ಕೆ ದೊಡ್ಡ ನಿದರ್ಶನ ಗಾಂಧೀಜಿಯವರದೇ. 1934ರ ಜನವರಿ 15ರ ಬಿಹಾರ ಭೂಕಂಪವಾದಾಗ ಅವರು ಅಸ್ಪೃಶ್ಯತಾ ನಿವಾರಣೆಗಾಗಿ ದಕ್ಷಿಣದಲ್ಲಿ ಸಂಚರಿಸುತ್ತಿದ್ದರು. ಈ ಕಂಪನವು ನಮ್ಮ ಪಾಪಗಳಿಗೆ, ಅದರಲ್ಲಿಯೂ ಅಸ್ಪೃಶ್ಯತೆಯ ಪಾಪಕ್ಕೆ, ದೈವ ವಿಧಿಸಿದ ಶಿಕ್ಷೆಯೆಂದು ಸಾರಿದರು. ಭೌತಿಕ ಅನಾಹುತಕ್ಕೆ ಭೌತಿಕ ಕಾರಣವೇ ಇರತಕ್ಕದ್ದೆಂದು ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಪ್ರತಿಭಟಿಸಿದರು. ಆ ಪ್ರತಿಭಟನೆಯನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿದರು. (ಇಂಥ ಸೌಜನ್ಯ ಈಗ ಅಪರೂಪ.) ಪಾಪಿಗಳ ಸಾಲಿನಲ್ಲಿ ತಮ್ಮನ್ನೂ ನಿಲ್ಲಿಸಿಕೊಂಡ ಗಾಂಧೀಜಿಯ ಪ್ರಾಮಾಣಿಕತೆಯಲ್ಲಿ ಸಂದೇಹವಿಲ್ಲ. ಆದರೆ ಆ ಪಾಪಕ್ಕೆ ಈಡಾದವರೂ ಅದೇ ಅವಶೇಷಗಳಡಿಯಲ್ಲಿ ಸತ್ತಿದ್ದರಲ್ಲ! ಈ ವಾದದಲ್ಲಿ ನನ್ನ ಮತ ಠಾಕೂರರ ಕಡೆಗೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ನೆಲ ನಡುಗಿದಾಗ ಬೀದರ, ಕಲಬುರಗಿಗಳಲ್ಲಿಯೂ ಜನ ಬೆದರಿ ಎದ್ದರು. ಭೂಕಂಪಕ್ಕೆ ರಾಜ್ಯದ ಗಡಿ ತಿಳಿಯದು. ಅಲ್ಲಿ ಸಾವಿರಾರು ಜನರನ್ನು ಕೊಂದುದು ಕಂಪನವೊಂದೇ ಅಲ್ಲ. ಮಣ್ಣಿನಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಹೇರಿದ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಕುಸಿದವು. ಮುಖ್ಯಮಂತ್ರಿ ಶರದ್ ಪವಾರರು ಅದೇ ಬೆಳಿಗ್ಗೆ ಅಲ್ಲಿಗೆ ಧಾವಿಸಿದರು. ಮುಂದೆ ಹಲವು ಹಳ್ಳಿಗಳನ್ನು ಬೇರೆ ನೆಲದಲ್ಲಿ ಕಟ್ಟಲಾಯಿತು. ಅಂಥ ಊರಿನವರಿಗೆ ‘ಕಟ್ಟೋಣ’ ಎನ್ನುವ ನಾಯಕನು ಎಲ್ಲಿ, ಯಾವ ಗೋಡೆ, ಯಾರ ಮನೆಯ ಪಕ್ಕ ಯಾರ ಮನೆ ಎಂಬುದನ್ನೂ ಅದೇ ಭಾಷಣದಲ್ಲಿ ಹೇಳಬೇಕಾಗುತ್ತದೆ.