ಹೊಂಡಕ್ಕೆ ಕರೆಯದೆ ಬಂದವರು

ಮೀನುಮರಿ ಸಾಕುವವರು ಮೊದಲು ಕಲಿಯಬೇಕಾದ ವಿದ್ಯೆ: ನೀರಿನ ಸಣ್ಣ ಜೀವಗಳ ಪರಿಚಯ

ದಾವಣಗೆರೆಯಿಂದ ಹರಿಹರದ ಕಡೆಗೆ ಹೊರಟವರಿಗೆ, ಪೇಟೆಯ ಗದ್ದಲ ಹಿಂದುಳಿದು ಬತ್ತದ ಗದ್ದೆಗಳು ಕಾಣತೊಡಗುವ ಹೊತ್ತಿಗೆ, ಬಾತಿಯೂ ಅದರ ಕೆರೆಯೂ ಎದುರಾಗುತ್ತವೆ. 1960ರ ದಶಕದಲ್ಲಿ ಭದ್ರಾ ಅಣೆಕಟ್ಟೆಯ ಕೆಲಸ ಪೂರೈಸಿ ಕಾಲುವೆಯ ನೀರು ಈ ಸೀಮೆಗೆ ಹರಿದುಬಂದ ಮೇಲೆ, ಹತ್ತಿ ಜೋಳಗಳಿಗೆ ಹೆಸರಾಗಿದ್ದ ನೆಲದ ದೊಡ್ಡದೊಂದು ಪಾಲು ಬತ್ತದ ಬಯಲಾಗಿ ಮಾರ್ಪಟ್ಟಿತು. ನೀರು ನಿಂತೆಡೆಯಲ್ಲೆಲ್ಲ ಮೀನೂ ನೆಲೆ ನಿಂತಿತು. ಬಾತಿ, ಕೊಂಡಜ್ಜಿ, ದೇವರಬೆಳಕೆರೆಗಳಿಂದ ಹಿಡಿದು ಚನ್ನಗಿರಿಯ ವಿಸ್ತಾರವಾದ ಸೂಳೆಕೆರೆಯವರೆಗೆ ಜಲಸಂಪತ್ತನ್ನು ಪಡೆದಿರುವ ಈ ಜಿಲ್ಲೆಯಲ್ಲಿ ಮೀನು ಹಿಡಿಯುವ ಕಸುಬು ಎಲ್ಲರ ಕಣ್ಣಿಗೂ ಬೀಳತಕ್ಕದ್ದು. ಆದರೆ ಬಲೆ ಬೀಸುವುದಕ್ಕೆ ಎಷ್ಟೋ ತಿಂಗಳು ಮೊದಲೇ, ಸೊಂಟದುದ್ದ ನೀರಿರುವ ಸಣ್ಣ ಹೊಂಡವೊಂದರಲ್ಲಿ ಆರಂಭವಾಗುವ ಮತ್ತೊಂದು ಕಸುಬುಂಟು. ಅದು ಮೀನುಮರಿಯ ಪಾಲನೆ. ಕೆರೆಗೆ ಬಿಡುವ ಮರಿಯ ಭವಿಷ್ಯವೆಲ್ಲ ನಿರ್ಣಯವಾಗುವುದು ಈ ಹೊಂಡದಲ್ಲಿಯೇ ಆದುದರಿಂದ, ಅದರ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಕಾಟ್ಲಾ, ರೋಹು, ಮೃಗಾಲ ಎಂಬ ಮೂರು ಗೆಂಡೆಗಳು ನಮ್ಮ ಕೆರೆಗಳ ಮುಖ್ಯ ಬೆಳೆ. ಇವು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ಹರಿಯುವ ನದಿಯ ಪ್ರವಾಹ ಇವಕ್ಕೆ ಬೇಕು. ಆ ಕಾರಣದಿಂದ ಬಹುಕಾಲ ನಮ್ಮ ದೇಶದ ಮೀನು ಸಾಕಣೆಯೆಲ್ಲ ಗಂಗೆಯೇ ಮೊದಲಾದ ಉತ್ತರದ ನದಿಗಳಲ್ಲಿ ಪ್ರವಾಹದ ಕಾಲಕ್ಕೆ ಸೋಸಿ ಹಿಡಿದ ಎಳೆಮರಿಯನ್ನೇ ಅವಲಂಬಿಸಿತ್ತು. ನದಿಯಲ್ಲಿ ಸೋಸಿದ ಮರಿಯೊಡನೆ ನದಿಯ ಇತರ ಸಂತಾನವೂ ಬರುತ್ತಿತ್ತು: ಮರಿಯನ್ನೇ ನುಂಗುವ ಬಾಳೆಮೀನಿನ ಪೀಳಿಗೆ, ಮೇವಿಗೆ ಪೈಪೋಟಿ ನಡೆಸುವ ಕಳೆಮೀನುಗಳು, ಇನ್ನೂ ಹೆಸರರಿಯದ ಎಷ್ಟೋ ಜೀವಗಳು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿಯವರೂ ಕೆ. ಎಚ್. ಅಲಿಕುಂಞಿಯವರೂ ಪಿಟ್ಯುಟರಿ ಗ್ರಂಥಿಯ ಸತ್ವವನ್ನು ಚುಚ್ಚಿ ಗೆಂಡೆಗಳು ಹೊಂಡದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದ ಮೇಲೆ, ಒಂದೇ ಜಾತಿಯ ಶುದ್ಧ ಬಿತ್ತನೆಯನ್ನು ಪಡೆಯುವ ಮಾರ್ಗ ತೆರೆಯಿತು. ಆ ದಿನವನ್ನೇ ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಭದ್ರಾ ಅಣೆಕಟ್ಟೆಯ ಬಳಿಯ ಬಿ. ಆರ್. ಪ್ರಾಜೆಕ್ಟಿನಲ್ಲಿರುವ ಮೀನುಗಾರಿಕೆ ಇಲಾಖೆಯ ಕೇಂದ್ರವೂ ಅಂಥ ಇತರ ಕೇಂದ್ರಗಳೂ ಮರಿ ಒದಗಿಸುವುದು ಈ ವಿಧಾನದ ಬಲದಿಂದಲೇ.

ಬಿತ್ತನೆ ಶುದ್ಧವಾಯಿತು, ನಿಜ. ಆದರೆ ನೀರನ್ನು ಶೂನ್ಯವಾಗಿಡುವ ಉಪಾಯ ಯಾರಿಗೂ ಸಿಕ್ಕಿಲ್ಲ. ಕಾಲುವೆಯ ನೀರಿನಲ್ಲಿ ತೇಲಿ, ಮಣ್ಣಿನಲ್ಲಿ ಅಡಗಿ, ರಾತ್ರಿಯ ಗಾಳಿಯಲ್ಲಿ ಹಾರಿ, ನಾನಾ ಜೀವಗಳು ಹೊಂಡವನ್ನು ಬಂದು ಸೇರುತ್ತವೆ. ಇವುಗಳಲ್ಲಿ ಯಾವುದು ಮರಿಯ ಆಹಾರ, ಯಾವುದು ಮರಿಯ ಯಮ, ಯಾವುದು ಕೇವಲ ನೆರೆಯವನು ಎಂಬುದನ್ನು ಬಲ್ಲವನೇ ನಿಜವಾದ ಪಾಲಕ.

ಬಿಳಿಯ ತಟ್ಟೆಯಲ್ಲಿ ಕಂಡದ್ದು

ಇದಕ್ಕೆ ಬೇಕಾಗುವ ಸಲಕರಣೆ ಅತಿ ಸರಳ: ಒಂದು ತೆಳುಬಟ್ಟೆಯ ಕೈಬಲೆ, ಒಂದು ಬಿಳಿಯ ಪಿಂಗಾಣಿ ತಟ್ಟೆ, ಒಂದು ಭೂತಗನ್ನಡಿ. ಬೆಳಗಿನ ಹೊತ್ತು ಹೊಂಡದ ಅಂಚಿನಲ್ಲಿ ಬಲೆಯಾಡಿಸಿ, ಸಿಕ್ಕಿದ್ದನ್ನು ತಟ್ಟೆಯ ನೀರಿಗೆ ಕೊಡವಿ, ಕದಡಿದ್ದು ತಿಳಿಯಾಗುವವರೆಗೆ ಕಾಯಬೇಕು. ಆಗ ಕುಪ್ಪಳಿಸುವಂತೆ ಚಲಿಸುವ ಚುಕ್ಕೆಗಳು ಕಂಡರೆ ಅವು ಡಾಫ್ನಿಯಾ, ಮೊಯಿನಾ ಮುಂತಾದ ನೀರುಚಿಗಟಗಳು. ಇವುಗಳೂ ಇವುಗಳಿಗಿಂತ ಸೂಕ್ಷ್ಮವಾದ ರೋಟಿಫರುಗಳೂ ಎಳೆಮರಿಯ ಮೊದಲ ಊಟ. ಇವು ಹೇರಳವಾಗಿರಲೆಂದೇ ಹೊಂಡಕ್ಕೆ ಸಗಣಿ ಗೊಬ್ಬರ ಹಾಕುವುದು.

ಬೆನ್ನು ಕೆಳಗಾಗಿ ಹೊಟ್ಟೆ ಮೇಲಾಗಿ, ನೀಳವಾದ ಹಿಂಗಾಲುಗಳನ್ನು ಹುಟ್ಟಿನಂತೆ ಬೀಸುತ್ತ ಈಜುವ, ಬೆರಳುಗುರಿಗಿಂತ ಚಿಕ್ಕದಾದ ಕೀಟವೊಂದು ತಟ್ಟೆಯಲ್ಲಿ ಕಂಡರೆ ಎಚ್ಚರಗೊಳ್ಳಬೇಕು. ಅನೈಸಾಪ್ಸ್, ನೊಟೊನೆಕ್ಟಾ ಎಂಬ ಶಾಸ್ತ್ರೀಯ ನಾಮಗಳ ಈ ಬಳಗ ಮರಿಯನ್ನು ಕಾಲುಗಳಿಂದ ಅಪ್ಪಿಹಿಡಿದು, ಚೂಪಾದ ಕೊಂಡಿಯಿಂದ ಚುಚ್ಚಿ, ಸಾರವನ್ನು ಹೀರಿ ಬಿಟ್ಟುಬಿಡುತ್ತದೆ. ಬಾಲದಲ್ಲಿ ಕೂದಲಿನಂಥ ಉಸಿರುಗೊಳವೆಯನ್ನು ಹೊತ್ತು, ಒಣಗಿದ ಎಲೆಯ ಚೂರಿನಂತೆ ಅಲುಗದೆ ಕುಳಿತಿರುವುದು ನೀರುಚೇಳು. ಕುಡುಗೋಲಿನಂತೆ ಬಾಗಿದ ಎರಡು ದವಡೆಗಳನ್ನು ತೆರೆದುಕೊಂಡು ತೆವಳುವ ಉದ್ದನೆಯ ಹುಳು ನೀರುಜೀರುಂಡೆಯ ಮರಿ. ಅದು ಕಚ್ಚಿದ ಗಾಯದ ಮೂಲಕ ಜೀರ್ಣರಸವನ್ನೇ ಬೇಟೆಯೊಳಕ್ಕೆ ಹರಿಸಿ, ಕರಗಿದ್ದನ್ನು ಹೀರುತ್ತದೆ.

ಇವೆಲ್ಲಕ್ಕಿಂತ ವಿಸ್ಮಯಕಾರಿಯಾದುದು ಏರೋಪ್ಲೇನ್ ಚಿಟ್ಟೆಯ ಮರಿ. ಗದ್ದೆಯ ಮೇಲೆ ಹೊಳೆಯುವ ರೆಕ್ಕೆಗಳಿಂದ ಹಾರಾಡುವ ಆ ಚೆಲುವಿನ ಬಾಲ್ಯವೆಲ್ಲ ಕೆಸರಿನಲ್ಲಿ, ಕಂದುಬಣ್ಣದ ದಪ್ಪ ಹುಳುವಾಗಿ ಕಳೆಯುತ್ತದೆ. ಅದರ ಕೆಳದುಟಿ ಮಡಿಚಿಕೊಂಡು ಮುಖದ ಕೆಳಗೆ ಅಡಗಿರುತ್ತದೆ. ಬೇಟೆ ಸಮೀಪಿಸಿದೊಡನೆ ಆ ತುಟಿ ಕ್ಷಣಾರ್ಧದಲ್ಲಿ ಮುಂದಕ್ಕೆ ಚಾಚಿ, ತುದಿಯ ಕೊಕ್ಕೆಗಳಿಂದ ಮರಿಯನ್ನು ಹಿಡಿದು ಬಾಯಿಗೆ ತರುತ್ತದೆ. ಇದು ಉಸಿರಾಡುವುದು ಗುದದ್ವಾರದೊಳಗಿನ ಕಿವಿರುಗಳಿಂದ. ಈ ಒಂದು ಅಂಶವನ್ನು ನೆನಪಿನಲ್ಲಿಡಬೇಕು. ಏಕೆಂದರೆ ಮುಂದೆ ಹೇಳಲಿರುವ ಔಷಧಿಯ ಸೋಲುಗೆಲವು ಇದರಲ್ಲಿಯೇ ಇದೆ.

ನಿವಾರಣೆಯ ಕ್ರಮ

ಹೊಂಡದ ಸಿದ್ಧತೆಗೆ ಅನುಭವಿಗಳೂ ಶಾಸ್ತ್ರಜ್ಞರೂ ಒಪ್ಪಿದ ಕ್ರಮವೊಂದಿದೆ. ಬೇಸಿಗೆಯಲ್ಲಿ ಹೊಂಡವನ್ನು ಪೂರ್ಣ ಬತ್ತಿಸಿ ತಳವನ್ನು ಬಿಸಿಲಿಗೆ ಬಿರಿಯಗೊಡುವುದು ಎಲ್ಲಕ್ಕಿಂತ ಅಗ್ಗವೂ ನಿಶ್ಚಿತವೂ ಆದ ಉಪಾಯ. ಆದರೆ ಕಾಲುವೆಯ ಬಸಿನೀರು ಸದಾ ಜಿನುಗುವ ಈ ಸೀಮೆಯ ಹೊಂಡಗಳನ್ನು ಒಣಗಿಸುವುದು ಸುಲಭವಲ್ಲ. ಅಂಥಲ್ಲಿ ಕೊರವ, ಗಿರ್ಲು, ಚೇಳುಮೀನುಗಳು ಕೆಸರಿನ ಗುಂಡಿಗಳಲ್ಲಿ ಉಳಿದುಬಿಡುತ್ತವೆ. ಇವನ್ನು ತೆಗೆಯಲು ಹಿಪ್ಪೆ ಹಿಂಡಿಯನ್ನು ಬಳಸುತ್ತಾರೆ. ಹತ್ತು ಗುಂಟೆ ವಿಸ್ತಾರದ, ಒಂದು ಮೀಟರ್ ಆಳದ ಹೊಂಡಕ್ಕೆ ಸುಮಾರು 250 ಕಿಲೋ ಹಿಂಡಿ ಬೇಕು. ಅದರೊಳಗಿನ ಸಪೋನಿನ್ ಎಂಬ ದ್ರವ್ಯ ಮೀನಿನ ರಕ್ತಕಣಗಳನ್ನು ಒಡೆಯುತ್ತದೆ. ಸುಮಾರು ಮೂರು ವಾರಗಳಲ್ಲಿ ಆ ವಿಷ ಇಳಿದುಹೋಗಿ, ಉಳಿದ ಹಿಂಡಿ ಗೊಬ್ಬರವಾಗಿ ನೀರುಚಿಗಟಗಳನ್ನು ಬೆಳೆಸುತ್ತದೆ. ಕೊಲ್ಲುವ ವಸ್ತುವೇ ಕೆಲವು ದಿನಗಳಾಚೆ ಪೋಷಿಸುವ ವಸ್ತುವಾಗುವುದರಿಂದ, ಇಲ್ಲಿ ಕಾಲದ ಲೆಕ್ಕ ತಪ್ಪಬಾರದು.

ಎರಡನೆಯ ಹಂತ ಕೀಟಗಳದ್ದು. ನೀರು ತುಂಬಿದ ಹೊಂಡ ಮರಿಯಿಲ್ಲದೆ ಹೆಚ್ಚು ದಿನ ನಿಂತಷ್ಟೂ ಹಾರಿಬರುವ ಕೀಟಗಳ ಸಂಖ್ಯೆ ಹೆಚ್ಚುತ್ತದೆ. ಆದುದರಿಂದ ಮರಿ ಬಿಡುವುದಕ್ಕೆ 12ರಿಂದ 24 ಗಂಟೆ ಮುಂಚೆ, ಹತ್ತು ಗುಂಟೆಗೆ ಸುಮಾರು 5.6 ಕಿಲೋ ಅಡುಗೆ ಎಣ್ಣೆಯನ್ನೂ 1.8 ಕಿಲೋ ಬಟ್ಟೆಸೋಪನ್ನೂ ಬಿಸಿನೀರಿನಲ್ಲಿ ಕದಡಿ ನೀರಿನ ಮೇಲೆ ಎರಚುತ್ತಾರೆ. ನೀರಿನ ಮೈಮೇಲೆ ಹರಡುವ ಎಣ್ಣೆಯ ತೆಳುಪೊರೆ, ಉಸಿರಿಗಾಗಿ ಮೇಲೆ ಬರುವ ಕೀಟಗಳ ಶ್ವಾಸರಂಧ್ರಗಳನ್ನು ಮುಚ್ಚಿ ಅವನ್ನು ಕೊಲ್ಲುತ್ತದೆ. ನೀರಿನೊಳಗೇ ಉಸಿರಾಡುವ ರೋಟಿಫರು, ಡಾಫ್ನಿಯಾಗಳಿಗೆ ಅಪಾಯವಿಲ್ಲ. ಮುಂಗಾರಿನ ಗಾಳಿ ಬೀಸುತ್ತಿದ್ದರೆ ಪೊರೆ ಹರಿದು ಒಂದು ದಡಕ್ಕೆ ಸರಿಯುವುದರಿಂದ, ಗಾಳಿಯಿಲ್ಲದ ಹೊತ್ತನ್ನು ಆಯ್ದುಕೊಳ್ಳಬೇಕು. ಹೀಗಿದ್ದೂ ಏರೋಪ್ಲೇನ್ ಚಿಟ್ಟೆಯ ಮರಿ ಉಳಿದುಕೊಳ್ಳುತ್ತದೆ. ಉಸಿರಿಗಾಗಿ ಮೇಲೆ ಬಾರದ ಜೀವಕ್ಕೆ ಎಣ್ಣೆಯ ಪೊರೆಯೇನು ಮಾಡೀತು? ಅದನ್ನು ಬಲೆಯೆಳೆದೇ ತೆಗೆಯಬೇಕು. ಅದು ಅಡಗುವ ಜೊಂಡನ್ನು ದಡದಿಂದ ಕಿತ್ತು ಸ್ವಚ್ಛವಾಗಿಡಬೇಕು. ‘ನೀರಿನ ಹುಳು’ ಎಂದು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆದು ಒಂದೇ ಮದ್ದನ್ನು ಸುರಿಯುವವನಿಗೆ, ಮರಿ ಏಕೆ ಕರಗಿಹೋಯಿತೆಂಬುದು ಕೊನೆಗೂ ತಿಳಿಯುವುದಿಲ್ಲ.

ಹೀಗೆ ಸಿದ್ಧಪಡಿಸಿದ ಹತ್ತು ಗುಂಟೆಯ ಹೊಂಡಕ್ಕೆ ಮೊಟ್ಟೆಯೊಡೆದು ಮೂರು ದಿನ ಕಳೆದ, 6ರಿಂದ 8 ಮಿಲಿಮೀಟರ್ ಉದ್ದದ 3ರಿಂದ 5 ಲಕ್ಷ ಮರಿಗಳನ್ನು ಬಿಡಬಹುದು. ಹದಿನೈದು ಇಪ್ಪತ್ತು ದಿನಗಳಲ್ಲಿ ಅವು ಒಂದಂಗುಲದಷ್ಟಾಗುತ್ತವೆ. ಅಷ್ಟರ ಮಟ್ಟಿಗೆ ಬೆಳೆದ ಮರಿಗೆ ನೊಟೊನೆಕ್ಟಾದ ಭಯ ಬಹುಪಾಲು ಕಳೆಯುತ್ತದೆ. ಆದರೆ ಮೀನುಹೇನಿನ ಕಾಟ ಮುಂದೆ ಕಾದಿರುತ್ತದೆ. ಆರ್ಗ್ಯುಲಸ್ ಎಂಬ ಈ ಚಪ್ಪಟೆಯ ಪರೋಪಜೀವಿ ಮೀನಿನ ಮೈಗಂಟಿ ರಕ್ತ ಹೀರುತ್ತದೆಯಾದರೂ ಮೊಟ್ಟೆಯಿಡುವುದು ನೀರಿನೊಳಗಿನ ಗಟ್ಟಿ ವಸ್ತುಗಳ ಮೇಲೆ. ಆದುದರಿಂದ ಹೊಂಡದಲ್ಲಿ ಬಿದಿರಿನ ಗಳುಗಳನ್ನೋ ಹಲಗೆಗಳನ್ನೋ ನೆಟ್ಟು, ಕೆಲವು ದಿನಗಳಿಗೊಮ್ಮೆ ಅವನ್ನು ಮೇಲೆತ್ತಿ ಬಿಸಿಲಿಗೆ ಒಣಗಿಸಿದರೆ, ಮೊಟ್ಟೆಗಳೆಲ್ಲ ಅಲ್ಲಿಯೇ ನಾಶವಾಗುತ್ತವೆ. ಶತ್ರುವಿನ ಜೀವನಕ್ರಮವನ್ನು ಬಲ್ಲವನಿಗೆ ವಿಷದ ಡಬ್ಬಿಗಿಂತ ಬಿದಿರಿನ ಗಳುವೇ ಹೆಚ್ಚು ಉಪಕಾರಿ.

ಸಮುದ್ರದ ಕಲ್ಲಿನಲ್ಲಿಯೂ ಇದೇ ವಿದ್ಯೆ

ಕರೆಯದೆ ಬರುವ ಜೀವಗಳ ಇದೇ ಸಮಸ್ಯೆ ಉಪ್ಪುನೀರಿನ ಅಕ್ವೇರಿಯಂ ಸಾಕುವವರನ್ನೂ ಕಾಡುತ್ತದೆ. ಹವಳದ ದಿಬ್ಬಗಳ ಬಳಿ ಸಿಕ್ಕುವ, ಮೈಯೆಲ್ಲ ರಂಧ್ರಗಳುಳ್ಳ, ಬ್ಯಾಕ್ಟೀರಿಯಗಳಿಂದಲೂ ಸಣ್ಣ ಪ್ರಾಣಿಗಳಿಂದಲೂ ತುಂಬಿದ ‘ಲೈವ್ ರಾಕ್’ ಎಂಬ ಕಲ್ಲನ್ನು ತೊಟ್ಟಿಯಲ್ಲಿಟ್ಟರೆ ಅದು ನೀರನ್ನು ತಾನಾಗಿ ಶುದ್ಧಿಗೊಳಿಸುತ್ತದೆಂಬುದನ್ನು 1961ರಷ್ಟು ಹಿಂದೆಯೇ ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬವರು ಬರೆದು ಪ್ರಚುರಪಡಿಸಿದ್ದರು. ಆ ರಂಧ್ರಗಳಲ್ಲಿ ಅಡಗಿ ಬರುವ ಮ್ಯಾಂಟಿಸ್ ಸೀಗಡಿ ತನ್ನ ಹೊಡೆತದಿಂದ ಬಸವನಹುಳುವಿನ ಚಿಪ್ಪನ್ನೇ ಒಡೆಯುತ್ತದೆ. ಆಯ್ಪ್ಟೇಸಿಯಾ ಎಂಬ ಹೂವಿನಾಕಾರದ ಕಡಲ ಜೀವಿಯನ್ನು ಕೈಯಿಂದ ಕಿತ್ತರೆ, ಉಳಿದ ತುಣುಕುಗಳಿಂದ ಹೊಸ ಜೀವಿಗಳೇ ಮೂಡುತ್ತವೆ. ಅದೇ ಕಲ್ಲಿನಲ್ಲಿ ಬರುವ, ನೋಡಲು ಭಯ ಹುಟ್ಟಿಸುವ ಮುಳ್ಳುಗೂದಲಿನ ಹುಳುಗಳಲ್ಲಿ ಬಹುಪಾಲು ಕೊಳೆತದ್ದನ್ನು ತಿಂದು ತೊಟ್ಟಿಯನ್ನು ಚೊಕ್ಕಟಗೊಳಿಸುವ ಸಾಧುಗಳು. ಅನುಭವಿಗಳು ಹೊಸ ಕಲ್ಲನ್ನು ವಾರಗಟ್ಟಲೆ ಬೇರೆ ತೊಟ್ಟಿಯಲ್ಲಿಟ್ಟು, ರಾತ್ರಿಯ ಹೊತ್ತು ಕೆಂಪು ಬೆಳಕಿನಲ್ಲಿ ಪರೀಕ್ಷಿಸಿ, ಗುರುತು ಹಿಡಿದ ಮೇಲೆಯೇ ಕೈ ಹಾಕುತ್ತಾರೆ. ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಆದರೆ ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಸೇರಿರುವುದರಿಂದ, ಅವನ್ನು ಅಲ್ಲಿಂದ ತೆಗೆಯುವುದು ಅಪರಾಧ.

ಹೊಂಡದಾಚೆಯ ಹೊಣೆ

ಕರೆಯದೆ ಬಂದವರನ್ನು ಹೊಂಡದಿಂದ ಹೊರಗಿಡುವುದಕ್ಕಿಂತ ಗುರುತರವಾದ ಮತ್ತೊಂದು ಹೊಣೆಯುಂಟು: ನಮ್ಮ ಹೊಂಡದ ಜೀವಗಳನ್ನು ಊರ ಕೆರೆಗೂ ತುಂಗಭದ್ರೆಗೂ ಅರಿಯದೆ ಬಿಡದಿರುವುದು. ಜನ ಜಿಲೇಬಿಯೆಂದು ಕರೆಯುವ ಆಫ್ರಿಕದ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. ತಾಯಿಮೀನು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿಟ್ಟು ಕಾಪಾಡುವುದರಿಂದ, ಅಂಥ ಒಂದೇ ಮೀನು ಬಲೆಯಲ್ಲಿ ಉಳಿದು ಬೇರೆ ನೀರಿಗೆ ದಾಟಿದರೆ ಸಂಸಾರವೇ ದಾಟಿದಂತೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಿಷಿದ್ಧವಾಗಿದ್ದರೂ ಕದ್ದುಮುಚ್ಚಿ ಸಾಕುವವರಿದ್ದಾರೆಂಬ ಕಾರಣದಿಂದ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಮತ್ತೆ ಆದೇಶ ನೀಡಬೇಕಾಯಿತು. ಮನೆಯ ಗಾಜಿನ ತೊಟ್ಟಿಯಲ್ಲಿ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು, ದೊಡ್ಡದಾಯಿತೆಂದು ಕೆರೆಗೆ ಬಿಟ್ಟವರ ಕರುಣೆಯಿಂದಲೇ ದೇಶದ ಹಲವು ಜಲಾಶಯಗಳಲ್ಲಿ ಬೇರೂರಿದೆ. ನಾವು ಪ್ರೀತಿಯಿಂದ ಸಾಕುವ ಕಾಟ್ಲಾ ರೋಹುಗಳೂ ತುಂಗಭದ್ರೆಗೆ ಉತ್ತರದಿಂದ ತಂದವೇ ಆದುದರಿಂದ, ಹೊರಗಿನದೆಲ್ಲ ಕೆಡುಕೆಂದು ತೀರ್ಪು ಕೊಡುವ ಹಕ್ಕು ನಮಗಿಲ್ಲ. ಏನನ್ನು, ಎಲ್ಲಿಗೆ, ಯಾವ ಫಲವನ್ನು ಬಯಸಿ ಬಿಡುತ್ತಿದ್ದೇವೆಂಬುದನ್ನು ತಿಳಿದು ಬಿಡುವ ಕರ್ತವ್ಯವಂತೂ ಇದೆ.

ಗದ್ದೆಯ ಮೂಲೆಯ ಕೃಷಿಹೊಂಡದಲ್ಲಿ ಮರಿ ಸಾಕಬಯಸುವ ರೈತರಿಗೆ ಈ ವಿದ್ಯೆ ದುರ್ಲಭವಲ್ಲ. ನೀರು ಒಳಬರುವ ಬಾಯಿಗೆ ಸಣ್ಣಕಣ್ಣಿನ ಜಾಲರಿ, ತಿಳಿದ ಕೇಂದ್ರದಿಂದ ತಂದ ಬಿತ್ತನೆ, ಮರಿಯ ಚೀಲ ಬಿಚ್ಚಿದೊಡನೆ ಬಿಳಿಯ ತಟ್ಟೆಯಲ್ಲಿ ಒಂದು ಪರೀಕ್ಷೆ, ಸಂದೇಹ ಬಂದಾಗ ತಾಲ್ಲೂಕಿನ ಮೀನುಗಾರಿಕೆ ಕಚೇರಿಯವರ ಸಲಹೆ, ಇಷ್ಟು ಸಾಕು ಆರಂಭಕ್ಕೆ. ಮರಿಯನ್ನು ನುಂಗುವ ಏರೋಪ್ಲೇನ್ ಚಿಟ್ಟೆಯ ಸಂತಾನ ಪಕ್ಕದ ಗುಂಡಿಯಲ್ಲಿ ಸೊಳ್ಳೆಯ ಮರಿಗಳನ್ನು ತಿಂದು ಊರಿಗೆ ಉಪಕಾರ ಮಾಡುತ್ತದೆ. ರೆಕ್ಕೆ ಬಂದ ಮೇಲೆ ಗದ್ದೆಯ ಕೀಟಗಳನ್ನು ಬೇಟೆಯಾಡುತ್ತದೆ. ಆದುದರಿಂದ ಮರಿಯ ಹೊಂಡದಲ್ಲಿ ಅದನ್ನು ಹಿಡಿದು ತೆಗೆಯುವವನು, ಉಳಿದ ನೀರಿನಲ್ಲಿ ಅದನ್ನು ಅದರ ಪಾಡಿಗೆ ಬಿಡತಕ್ಕದ್ದು. ಯಾವ ಜೀವಿಯೂ ಹುಟ್ಟಿನಿಂದ ನಮ್ಮ ವೈರಿಯಲ್ಲ. ಸ್ಥಳವೂ ಕಾಲವೂ ಅದನ್ನು ವೈರಿಯನ್ನಾಗಿಯೋ ಮಿತ್ರನನ್ನಾಗಿಯೋ ಮಾಡುತ್ತವೆ. ಇದನ್ನರಿತು ಸಾಕುವವರ ಸಂಖ್ಯೆ ಹೆಚ್ಚಿದಂತೆ, ಈ ಜಿಲ್ಲೆಯ ಕೆರೆಗಳಲ್ಲಿ ಮೀನಿನ ಇಳುವರಿಯೂ ಹೆಚ್ಚೀತು, ಕೆರೆಯ ಇತರ ಜೀವಗಳೂ ಉಳಿದಾವು.