ತಪ್ಪಲ ಪಲ್ಯ ಮತ್ತು ಲಿವರ್ ಕ್ಯಾನ್ಸರ್

ಲಿವರ್ ಕ್ಯಾನ್ಸರ್ ಸಾಮಾನ್ಯವಾಗಿ ಗಟ್ಟಿಮುಟ್ಟಾದ ಯಕೃತ್ತಿನಲ್ಲಿ ಹುಟ್ಟುವುದಿಲ್ಲ. ವರ್ಷಗಟ್ಟಲೆ ಪೆಟ್ಟು ತಿಂದು, ಬಾವು ಬಂದು, ಕಡೆಗೆ ಗಂಟುಗಂಟಾಗಿ ಗಡುಸಾದ ಯಕೃತ್ತಿನಲ್ಲಿ ಅದು ತಲೆಯೆತ್ತುವುದೇ ಹೆಚ್ಚು. ಆ ಪೆಟ್ಟು ಮುಖ್ಯವಾಗಿ ನಾಲ್ಕು ಕಡೆಯಿಂದ ಬೀಳುತ್ತದೆ: ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಮದ್ಯ, ಬೊಜ್ಜು ಹಾಗೂ ಸಕ್ಕರೆ ಕಾಯಿಲೆಯ ಜೊತೆಗೆ ಬರುವ ಫ್ಯಾಟಿ ಲಿವರ್, ಬೂಸ್ಟು ಹಿಡಿದ ಕಾಳುಗಳಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ. ಬೆಳಗಾವಿ ಕಡೆಯವರು ತಪ್ಪಲ ಪಲ್ಯ ಎನ್ನುವ ಸೊಪ್ಪುಗಳಿಗೆ ಮೊದಲಿನ ಎರಡನ್ನು ತಡೆಯುವ ಶಕ್ತಿಯಿಲ್ಲ. ಕೊನೆಯ ಎರಡರ ವಿಷಯದಲ್ಲಿ ಮಾತ್ರ ಅವು ಒಂದಿಷ್ಟು ನೆರವಾಗಬಲ್ಲವು.

‘ಗ್ಯಾಸ್ಟ್ರೋಎಂಟರಾಲಜಿ’ ಪತ್ರಿಕೆಯಲ್ಲಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 19 ಅಧ್ಯಯನಗಳ, ಸುಮಾರು 12.9 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ದಿನಕ್ಕೆ 100 ಗ್ರಾಂ ತರಕಾರಿ ಹೆಚ್ಚಾದಂತೆ ಲಿವರ್ ಕ್ಯಾನ್ಸರಿನ ಅಪಾಯ ಶೇ. 8ರಷ್ಟು ಇಳಿದಿತ್ತು, ಹಣ್ಣಿನಿಂದ ಅಂಥ ಫಲ ಕಾಣಲಿಲ್ಲ. ಆದರೆ ಇವು ಜನರ ಊಟದ ರೂಢಿಯನ್ನು ಕೇಳಿ ಬರೆದುಕೊಂಡ ಅಧ್ಯಯನಗಳು. ತರಕಾರಿ ಹೆಚ್ಚು ತಿನ್ನುವವರು ಕುಡಿತದಿಂದಲೂ ದೂರವಿರುವವರಾಗಿರಬಹುದು. ಯಾವುದರ ಫಲ ಎಷ್ಟು ಎಂದು ಬಿಡಿಸುವುದು ಸುಲಭವಲ್ಲ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2018ರ ವರದಿ ಅಫ್ಲಾಟಾಕ್ಸಿನ್, ಮದ್ಯ ಮತ್ತು ಬೊಜ್ಜನ್ನು ಖಚಿತ ಕಾರಣಗಳೆಂದು ಹೆಸರಿಸಿತು, ತರಕಾರಿಯ ಬಗ್ಗೆ ತೀರ್ಮಾನ ಕೊಡಲಿಲ್ಲ. ಸೊಪ್ಪು ತಿಂದವರಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲ ಎಂಬ ಮಾತಿಗೆ ಹಾಗಾಗಿ ಆಧಾರವಿಲ್ಲ.

ಬೆಳಗಾವಿ ಸೀಮೆಗೆ ಹೆಚ್ಚು ಹತ್ತಿರದ ವಿಷಯ ಅಫ್ಲಾಟಾಕ್ಸಿನ್. ಶೇಂಗಾ ಮತ್ತು ಗೋವಿನಜೋಳ ಸರಿಯಾಗಿ ಒಣಗದಿದ್ದರೆ, ಚೀಲಕ್ಕೆ ತೇವ ತಗುಲಿದರೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆದು ಈ ವಿಷವನ್ನು ಬಿಡುತ್ತದೆ. ಇದು ಪತ್ತೆಯಾಗಿದ್ದೇ ಶೇಂಗಾದಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತ ಮೇಲೆ ಅದರ ಜಾಡು ಹಿಡಿಯಲಾಯಿತು. 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಬೂಸ್ಟು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ತೀರಿಕೊಂಡರು. ಸ್ವಲ್ಪಸ್ವಲ್ಪವೇ ವರ್ಷಗಳ ಕಾಲ ಹೊಟ್ಟೆಗೆ ಹೋದರೆ ಅದು ಯಕೃತ್ತಿನ ಕೋಶಗಳ ಡಿಎನ್‌ಎಗೆ ಅಂಟಿಕೊಂಡು ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಹೆಪಟೈಟಿಸ್ ಬಿ ಇರುವವರಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು.

ಎಲೆಯ ಹಸಿರಿಗೂ ಈ ವಿಷಕ್ಕೂ ಇರುವ ನಂಟು ಚೀನಾದ ಚೀದೋಂಗ್‌ನಲ್ಲಿ ಪರೀಕ್ಷೆಗೆ ಒಳಗಾಯಿತು. ಅಲ್ಲಿ 180 ಜನರಲ್ಲಿ ಕೆಲವರಿಗೆ ಕ್ಲೋರೋಫಿಲ್‌ನಿಂದ ತಯಾರಿಸಿದ ಕ್ಲೋರೋಫಿಲಿನ್ ಮಾತ್ರೆ, ಉಳಿದವರಿಗೆ ಔಷಧಿಯಿಲ್ಲದ ಬರೀ ಮಾತ್ರೆ ಕೊಡಲಾಯಿತು. ನಾಲ್ಕು ತಿಂಗಳು ಊಟಕ್ಕೊಂದರಂತೆ ದಿನಕ್ಕೆ ಮೂರು ಸಲ ಕ್ಲೋರೋಫಿಲಿನ್ ನುಂಗಿದವರ ಮೂತ್ರದಲ್ಲಿ ಡಿಎನ್‌ಎ ಹಾನಿಯ ಗುರುತು ಶೇ. 55ರಷ್ಟು ಕಡಿಮೆ ಇತ್ತೆಂದು 2001ರಲ್ಲಿ ವರದಿಯಾಯಿತು. ವಿಷವನ್ನು ಕರುಳಿನಲ್ಲೇ ಹಿಡಿದುಕೊಂಡು ರಕ್ತಕ್ಕೆ ಇಳಿಯದಂತೆ ಮಾಡುವುದು ಅದರ ಬಗೆ. ಪರೀಕ್ಷಿಸಿದ್ದು ಮಾತ್ರೆಯನ್ನು, ಪಲ್ಯವನ್ನಲ್ಲ. ಅಳೆದದ್ದು ಹಾನಿಯ ಗುರುತನ್ನು, ಕ್ಯಾನ್ಸರನ್ನಲ್ಲ. ಕೋಸು, ಮೂಲಂಗಿ ಸೊಪ್ಪು, ಸಾಸಿವೆ ಸೊಪ್ಪಿನಲ್ಲಿರುವ ಗಂಧಕದ ಸಂಯುಕ್ತಗಳು ವಿಷ ಕಳೆಯುವ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತವೆ.

ಆದರೂ ಮೊದಲ ಕೆಲಸ ಮೊರದಲ್ಲಿ ಆಗಬೇಕು. ಶೇಂಗಾ ಚಟ್ನಿಪುಡಿ ದಿನದ ಊಟದಲ್ಲಿರುವ ಮನೆಯಲ್ಲಿ, ಕಾಳನ್ನು ಹುರಿಯುವ ಮೊದಲು ಬೆಳಕಿಗೆ ಹರವಿ ಆರಿಸಬೇಕು. ಮುರುಟಿದ್ದು, ಕಪ್ಪಿಟ್ಟಿದ್ದು, ಸಿಪ್ಪೆಯ ಮೇಲೆ ಹಸಿರು-ಹಳದಿ ಪುಡಿ ಕೂತದ್ದು, ಅಗಿದರೆ ಕಹಿಯಾಗುವುದು ಎಲ್ಲವೂ ಕಸಕ್ಕೆ. ಹುರಿದರೆ ಬೂಸ್ಟು ಸಾಯುತ್ತದೆ, ವಿಷ ಪೂರ್ತಿ ಹೋಗುವುದಿಲ್ಲ. ಮಳೆಗಾಲವೆಲ್ಲ ಗಾಳಿಯೇ ಒದ್ದೆಯಾಗಿರುವ ಖಾನಾಪುರದ ಜಾಂಬೋಟಿ, ಕಣಕುಂಬಿ ಕಡೆ ಒಂದೇ ಸಲ ಚೀಲಗಟ್ಟಲೆ ತಂದಿಡುವುದಕ್ಕಿಂತ ಬೇಕಾದಷ್ಟೇ ಕೊಂಡು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಲೇಸು.

ಫ್ಯಾಟಿ ಲಿವರಿಗೆ ಸೊಪ್ಪಿನ ಉಪಕಾರ ಸರಳ: ನಾರು ಹೆಚ್ಚು, ಕ್ಯಾಲೊರಿ ಕಡಿಮೆ, ತಟ್ಟೆಯಲ್ಲಿ ಅನ್ನದ ಜಾಗವನ್ನು ಅದು ತುಂಬುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 100 ಗ್ರಾಂ ಸೊಪ್ಪು ಹೇಳುತ್ತದೆ. ಬೆಂದ ಮೇಲೆ ಅದು ಒಂದು ಹಿಡಿಯಷ್ಟೇ. ಎಣ್ಣೆ ಸುರಿದು ಮಾಡಿದ ಪಲ್ಯದಿಂದ ಮಾತ್ರ ಈ ಲಾಭ ಸಿಗುವುದಿಲ್ಲ.

ದಿನವೂ ಸೊಪ್ಪು ತಿನ್ನಲು ಬೆಳಗಾವಿಗಿಂತ ಅನುಕೂಲದ ಊರು ಸಿಗುವುದು ಕಷ್ಟ. ಅನಗೋಳ, ವಡಗಾವಿ, ಕಡೋಲಿಯ ಹೊಲಗಳ ಕಾಯಿಪಲ್ಯ ನಗರದ ಮಾರುಕಟ್ಟೆ ತುಂಬಿ, ಚೋರ್ಲಾ ಘಾಟ್ ಇಳಿದು ಗೋವೆಗೂ ಹೋಗುತ್ತದೆ. ಮೆಂತೆ, ಸಬ್ಬಸಗಿ, ರಾಜಗಿರಿ, ಪಾಲಕ್ ವರ್ಷದ ಬಹುಪಾಲು ಸಿಗುತ್ತವೆ. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಬೆರೆಸುತ್ತಾರೆ. ಹಕ್ಕರಿಕೆಯನ್ನು ರೊಟ್ಟಿಯ ಮಗ್ಗುಲಲ್ಲಿ ಹಸಿಯಾಗಿಯೇ ತಿನ್ನುತ್ತಾರೆ. ಖಾನಾಪುರದ ಮಳೆಕಾಡಿನ ಅಂಚಿನಲ್ಲಿ ಮೊದಲ ಮಳೆಗೆ ಚಿಗುರುವ ತಗಚೆ, ಮರಾಠಿ ಮಾತಾಡುವವರ ಟಾಕಳಾ, ಕಾಸಿಲ್ಲದೆ ಸಿಗುವ ಸೊಪ್ಪು. ಗುರುತು ಬಲ್ಲವರೇ ಕೀಳಬೇಕು: ತಗಚೆಗೆ ಹತ್ತಿರದ ಇನ್ನೊಂದು ಗಿಡದ ಬೀಜ ತಿಂದು ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಕ್ಕಳು ಲಿವರ್ ಮತ್ತು ಮಿದುಳು ಕೆಟ್ಟು ಸತ್ತಿದ್ದಾರೆ.

ಬೆಳಗಾವಿ ನಗರದ ಕೊಳಚೆ ಹೊತ್ತ ಬಳ್ಳಾರಿ ನಾಲಾ ಮಳೆಗಾಲದಲ್ಲಿ ಉಕ್ಕಿ ಹೊಲಗಳಿಗೆ ನುಗ್ಗುತ್ತದೆ. ಆದ್ದರಿಂದ ಸೊಪ್ಪಿನ ಬೇರು ಕತ್ತರಿಸಿ, ಎಲೆ ಬಿಡಿಸಿ, ಮಣ್ಣು ತಳಕ್ಕಿಳಿಯುವುದು ನಿಲ್ಲುವ ತನಕ ನೀರು ಬದಲಿಸಿ ತೊಳೆಯಬೇಕು. ಆ ದಿನಗಳಲ್ಲಿ ಹಸಿ ಸೊಪ್ಪು ಬೇಡ. ಕೊಳಚೆ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಕಾಮಾಲೆ ತರುತ್ತವೆ, ಕ್ಯಾನ್ಸರ್ ತರುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುವ ಹೆಪಟೈಟಿಸ್ ಬಿ ಕ್ಯಾನ್ಸರ್ ತರಬಲ್ಲದು. ಅದನ್ನು ತಡೆಯುವುದು ಲಸಿಕೆ: ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್, ಆಮೇಲೆ 6, 10, 14ನೇ ವಾರಗಳಲ್ಲಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಬಿ ಮತ್ತು ಸಿ ಪರೀಕ್ಷೆ, ಔಷಧಿ ಉಚಿತ. ಕಾಮಾಲೆಗೆಂದು ಹೆಸರಾದ ನೆಲನೆಲ್ಲಿ ಬಿ ವೈರಸ್ಸನ್ನು ತೊಲಗಿಸಬಹುದೆಂದು 1988ರಲ್ಲಿ ಮದ್ರಾಸಿನ ಅಧ್ಯಯನವೊಂದು ಆಸೆ ಹುಟ್ಟಿಸಿತ್ತು. ಮುಂದಿನ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ದಿಢೀರನೆ ಏರಿಸಬಾರದು, ಅದರ ಕೆ ಜೀವಸತ್ವ ಔಷಧಿಯ ಬಲ ಕುಗ್ಗಿಸುತ್ತದೆ. ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳಿ ತಿನ್ನಬೇಕು. ಯಕೃತ್ತು ಗಡುಸಾಗಿ ಸಿರೋಸಿಸ್ ಆಗಿರುವವರು ಏನೇ ತಿನ್ನಲಿ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪಾಸಣೆ ಮಾಡಿಸಿಕೊಳ್ಳಬೇಕು.